ಕಡ್ಡಿ ನಿಲ್ಲುವ ತನಕ
ಮಾತ್ಸುಮೋತೊ ಊರಿನ ತೊಕುಮಾರು ಅವರಿಗೆ ಸ್ಪೀಕರಿನ ಪೆಟ್ಟಿಗೆ ಕಟ್ಟುವ ಹುಚ್ಚು. ಪೆಟ್ಟಿಗೆಗೆ ಒಂದೇ ಸ್ಪೀಕರು, ಅಂಗೈಯಗಲದ್ದು. ನಗಾರಿಯ ಗುಡುಗಿನಿಂದ ಗಾಳಿಗಂಟೆಯ ಕಿಣಿಕಿಣಿಯವರೆಗೆ ಎಲ್ಲವನ್ನೂ ಅದೇ ನುಡಿಯಬೇಕು. ಮೂರು ಸ್ಪೀಕರಿನ ಪೆಟ್ಟಿಗೆ ಕಂಡರೆ, "ಮೂರು ಬಾಯಿ ಇರೋನ ಮಾತು ನಂಬ್ತೀರೇನ್ರೀ?" ಎಂದು ಮೂಗು ಮುರಿಯುತ್ತಾರೆ. ಅಂಗಡಿಯಲ್ಲಿ ಪ್ಲೈವುಡ್ಡನ್ನು ಕಲ್ಲಂಗಡಿಯಂತೆ ತಟ್ಟಿ ಕಿವಿಗೊಟ್ಟೇ ಕೊಳ್ಳುತ್ತಾರೆ. ದನಿ ಸುತ್ತಿ ಬರಲೆಂದು ಒಳಗೆ ಕಟ್ಟುವ ಓಣಿ ಎಷ್ಟು ಸುತ್ತುಬಳಸೆಂದರೆ, ಒಮ್ಮೆ ಬೆಳಿಗ್ಗೆ ಹೊಕ್ಕ ಬೆಕ್ಕು ಊಟದ ಹೊತ್ತಿಗೆ ಹೊರಬಂದಿತ್ತು. ಸೋತ ಪೆಟ್ಟಿಗೆಗಳಲ್ಲಿ ಈಗ ಮನೆಮಂದಿಯ ಚಪ್ಪಲಿಗಳಿವೆ. ಹೊಸದು ಮುಗಿದ ದಿನ ಹೆಂಡತಿ ಕಿನುಯೋ ಅದರೆದುರು ಕೂತು ಸ್ವೆಟರು ಹೆಣೆಯಬೇಕು. ಇವರು ಹಾಡು ಹಚ್ಚಿ, "ಕೇಳಿಸ್ತಾ, ಆ ಸಣ್ಣ ದನಿ!" ಎನ್ನುತ್ತಾರೆ. ಸಣ್ಣ ದನಿಗಳು ಅವರಿಗೇ ಕೇಳಿಸದೆ ವರ್ಷಗಳಾದವು. ಅವರು ನೋಡುವುದು ಹೆಂಡತಿಯ ಹೆಣಿಗೆಯ ಕಡ್ಡಿಗಳನ್ನು. ಹಾಡಿಗೆ ಮೈಮರೆತು ಅವು ನಿಂತರೆ ಪೆಟ್ಟಿಗೆ ಗೆದ್ದಂತೆ. ಇದು ಕಿನುಯೋಗೂ ಗೊತ್ತು, ಆಕೆ ಬಾಯಿಬಿಟ್ಟಿಲ್ಲ. ಹೋದ ವರ್ಷ ಒಮ್ಮೆ ನಿಂತಿದ್ದವು. "ಇನ್ನೇನಿದೆ ಮಾಡೋಕೆ?" ಎಂದು ಗರಗಸ ಒರೆಸಿಟ್ಟ ತೊಕುಮಾರು, ಚಳಿಗಾಲವಿಡೀ ಅಡುಗೆಮನೆಯಲ್ಲಿ ನಿಂತು ಆಕೆಯ ಸಾರಿನ ಉಪ್ಪಿನಲ್ಲಿ ತಪ್ಪು ಹುಡುಕಿದರು. ಈ ಭಾನುವಾರ ಹೊಸ ಪೆಟ್ಟಿಗೆ ಹಾಡಿತು. ಹಾಡುಗಾರ್ತಿ ಉಸಿರೆಳೆದುಕೊಂಡದ್ದೂ ಪಕ್ಕದಲ್ಲೇ ಕೂತಂತೆ ಕೇಳಿ, ಕಿನುಯೋಗೆ ಹೆಣಿಗೆಯ ಲೆಕ್ಕವೇ ತಪ್ಪಿತು. ಕಡ್ಡಿಗಳನ್ನು ಮಾತ್ರ ಆಕೆ ನಿಲ್ಲಗೊಡಲಿಲ್ಲ. "ಇನ್ನೊಂಚೂರು ಏನೋ ಸಾಲದು, ರೀ," ಎಂದಳು. ತೊಕುಮಾರು ಅವರ ಮುಖ ಅರಳಿತು. "ನಂಗೂ ಹಾಗೇ ಅನ್ನಿಸ್ತು ನೋಡು!" ಎನ್ನುತ್ತ ಗರಗಸಕ್ಕೆ ಕೈಹಾಕಿದರು.