ಮುಟುವಾನ ನಲವತ್ತೊಂದು ಔಟು

ಆ ಶನಿವಾರ ಬೆಳಗ್ಗೆ ಹನುಮಂತನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ನೈರೋಬಿಯ ಪಾರ್ಕ್‌ಲ್ಯಾಂಡ್ಸಿನ ಕ್ಲಬ್ಬಿನಲ್ಲಿ ಐವರ ಸಭೆ. ಆಡಿ ನಿವೃತ್ತರಾದ ಬೇಸ್‌ಬಾಲ್ ಆಟಗಾರರಲ್ಲಿ ಯಾರ ಫೋಟೋ ಕ್ಲಬ್ಬಿನ ಗೌರವದ ಗೋಡೆಗೆ ಏರಬೇಕು ಎಂದು ತೀರ್ಮಾನಿಸುವ ಸಭೆ. ಐವರಲ್ಲಿ ಹನುಮಂತನೂ ಒಬ್ಬ. ಒಬ್ಬ ಅನ್ನುವುದೇನು, ಅವನು ಹೋಗದಿದ್ದರೆ ಸಭೆ ಕೂರುವಂತೆಯೇ ಇರಲಿಲ್ಲ. ಹನ್ನೆರಡು ವರ್ಷದ ಆಟದ ಸ್ಕೋರು ಪುಸ್ತಕಗಳು ಇದ್ದದ್ದು ಅವನೊಬ್ಬನ ಹತ್ತಿರ.

ಏಳು ಗಂಟೆಗೆಲ್ಲ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತವನನ್ನು ನೋಡಿ ಹೆಂಡತಿ ಕಾತ್ಯಾಯಿನಿ, "ಮಗಳ ಮದುವೆ ದಿನಾನೂ ನೀವು ಇಷ್ಟು ಬೇಗ ರೆಡಿಯಾಗಿರಲಿಲ್ಲ" ಅಂದಳು.

"ಮದುವೆಗೆ ನಾನಿಲ್ದಿದ್ರೂ ನಡೀತಿತ್ತು ಕಣೆ" ಅಂದ ಹನುಮಂತ.

ಈ ಮನುಷ್ಯನ ಬಗ್ಗೆ ಎರಡು ಮಾತು ಹೇಳಲೇಬೇಕು. ಹುಟ್ಟಿದ್ದು ನಾಗಮಂಗಲದ ಕಡೆ, ಓದಿದ್ದು ಏಳನೇ ಕ್ಲಾಸು. ಹುಡುಗನಾಗಿದ್ದಾಗ ಕ್ಷೌರದಂಗಡಿಯ ರೇಡಿಯೋ ಮುಂದೆ ಕೂತು ಕ್ರಿಕೆಟ್ಟಿನ ಸ್ಕೋರನ್ನು ಸ್ಲೇಟಿನ ಮೇಲೆ ಬರೆಯುತ್ತಿದ್ದ. ಗದ್ದೆಯಿಂದ ಬಂದವರು ಕೈಕಾಲು ತೊಳೆಯುವ ಮೊದಲು ಅವನ ಸ್ಲೇಟು ನೋಡಿ ಹೋಗುತ್ತಿದ್ದರಂತೆ. ಫಿಟ್ಟರ್ ಕೆಲಸ ಹಿಡಿದು ನೈರೋಬಿಗೆ ಬಂದದ್ದು ಮೂವತ್ತು ದಾಟಿದ ಮೇಲೆ. ಇಂಡಸ್ಟ್ರಿಯಲ್ ಏರಿಯಾದ ಒಂದು ಪ್ಲಾಸ್ಟಿಕ್ ಬಕೆಟ್ ಕಾರ್ಖಾನೆಗೆ. ಬಾಯ್ಲರ್ ಬಿಚ್ಚಿ ಬಾಯ್ಲರ್ ಕಲಿತ. ಲೋಡಿಂಗ್ ಹುಡುಗರ ಜೊತೆ ಜಗಳವಾಡಿ ಸ್ವಾಹಿಲಿ ಕಲಿತ. ಡಬ್ಬಗಳ ಮೇಲಿನ ಬರಹ ಓದಿ ಇಂಗ್ಲಿಷ್ ಕಲಿತ. ಯಾರ ಮುಂದೆಯೂ ಕೈಕಟ್ಟಿ ನಿಂತು ಕಲಿತವನಲ್ಲ ಅನ್ನುವುದು ಅವನ ಹೆಮ್ಮೆ. ಆ ಹೆಮ್ಮೆ ಅವನ ಮೂಗಿನಷ್ಟೇ ಎದ್ದು ಕಾಣುತ್ತಿತ್ತು.

ಹೊಸ ಯಂತ್ರ ಕೂರಿಸಲು ಜಪಾನಿನಿಂದ ಒಬ್ಬ ಎಂಜಿನಿಯರ್ ಬಂದಾಗ ಬೇಸ್‌ಬಾಲ್ ಬಂತು. ಆತ ಒಂದು ಚೀಲದ ತುಂಬ ಚರ್ಮದ ಕೈಗವಸು ತಂದಿದ್ದ. ಭಾನುವಾರ ಸುಮ್ಮನಿರಲಾರದೆ ಕಾರ್ಖಾನೆಯ ಹಿಂದಿನ ಮೈದಾನದಲ್ಲಿ ಆಟ ಕಲಿಸಿದ. ಆಟ ಕಷ್ಟದ್ದೇನಲ್ಲ. ನಾಲ್ಕು ಮೂಲೆಯ ಚೌಕ. ಒಂದು ಮೂಲೆಯಲ್ಲಿ ನಿಂತು ದಾಂಡಿನಿಂದ ಚೆಂಡು ಹೊಡೆಯಬೇಕು, ಉಳಿದ ಮೂರು ಮೂಲೆ ಮುಟ್ಟಿ ಹೊರಟ ಮೂಲೆಗೇ ಬಂದು ಸೇರಬೇಕು. ಆ ಮೂಲೆಗೆ ಮನೆ ಅಂತ ಹೆಸರು. ಮನೆ ಸೇರಿದರೆ ಒಂದು ರನ್ನು. ಒಂದೇ ಉಸಿರಿಗೆ ಓಡಬೇಕೆಂದಿಲ್ಲ, ನಡುವಿನ ಮೂಲೆಯಲ್ಲಿ ನಿಂತು ಜೊತೆಗಾರನ ಹೊಡೆತಕ್ಕೆ ಕಾಯಬಹುದು. ಎರಡು ವರ್ಷದಲ್ಲಿ ಆರು ಕಾರ್ಖಾನೆಗಳ ಆರು ತಂಡಗಳಾದವು. ಸ್ಕೋರು ಬರೆಯುವವರು ಯಾರು ಎಂದಾಗ ಹನುಮಂತ ಎದೆ ಮುಂದೆ ಮಾಡಿ ನಿಂತ. ಎಂಜಿನಿಯರ್ ಕೊಟ್ಟ ನಿಯಮದ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ. ತೆರೆದು ಓದುವ ಅಗತ್ಯ ಅವನಿಗೆ ಕಾಣಲಿಲ್ಲ. ಕನ್ನಡದ ಅಂಕಿಯಲ್ಲಿ, ತನ್ನದೇ ಗುರುತುಗಳಲ್ಲಿ ಹನ್ನೆರಡು ಪುಸ್ತಕ ತುಂಬಿಸಿದ.

ಹೀಗೆ ಅವನು ಕೂಡಿ ಹೇಳಿದ ಸರಾಸರಿಯೇ ಎಲ್ಲರಿಗೂ ಶಾಸನವಾಯಿತು. ಸಾವಿರ ಸಲ ದಾಂಡು ಹಿಡಿದರೆ ಎಷ್ಟು ಸಲ ಗೆಲ್ಲುತ್ತಾನೆ, ಅಂದರೆ ಹೊಡೆದು ಔಟಾಗದೆ ಮೊದಲ ಮೂಲೆ ಮುಟ್ಟುತ್ತಾನೆ, ಅನ್ನುವುದೇ ಸರಾಸರಿ. ಇನ್ನೂರೈವತ್ತಕ್ಕಿಂತ ಕಡಿಮೆ ಇದ್ದವನು ಗೋಡೆ ಏರಬಾರದು ಎಂದು ಮೊದಲ ಸಭೆಯಲ್ಲೇ ಹೇಳಿದವನೂ ಅವನೇ.

ಮುಟುವಾನದು ಇನ್ನೂರನಲವತ್ತು. ಕಾರ್ಖಾನೆಯ ಲೋಡಿಂಗಿನಲ್ಲಿದ್ದ ಮುಟುವಾ ಹನ್ನೆರಡು ವರ್ಷವೂ ಬಿಡದೆ ಆಡಿದವನು, ಈಗ ಎಂಬಕಸಿಯಲ್ಲಿ ಟೈರಿನ ಅಂಗಡಿ ಇಟ್ಟುಕೊಂಡಿದ್ದಾನೆ. ಎರಡು ವರ್ಷ ಅವನ ಹೆಸರು ಬಂತು, ಎರಡು ವರ್ಷವೂ ಬಿತ್ತು. ಗೋಡೆ ಏರಲು ಐದರಲ್ಲಿ ನಾಲ್ಕು ಓಟು ಬೇಕು, ಸಿಕ್ಕಿದ್ದು ಎರಡೇ. ಮೂರನೇ ವರ್ಷವೂ ಬಿದ್ದರೆ ಹೆಸರು ಪಟ್ಟಿಯಿಂದ ಕಾಯಮ್ಮಾಗಿ ಹೋಗುತ್ತದೆ. ಇದು ಮೂರನೇ ವರ್ಷ. ಎರಡು ಸಲವೂ ಅವನ ವಿರುದ್ಧ ಓಟು ಹಾಕಿದವರಲ್ಲಿ ಹನುಮಂತ ಮೊದಲಿಗ. "ನನ್ನ ಪುಸ್ತಕ ಸುಳ್ಳಾಡಲ್ಲ" ಎಂದು ಮೇಜು ಕುಟ್ಟಿದ್ದ.

ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿಕೊಡಿ ಎಂದು ಕ್ಲಬ್ಬಿನವರು ಕೇಳಿದ್ದರಿಂದ, ಆವತ್ತು ತಿಂಡಿಯಾದ ಮೇಲೆ ಮಗಳು ವಿಭಾ ಲ್ಯಾಪ್‌ಟಾಪ್ ತೆರೆದು ಕೂತಳು. ನೈರೋಬಿಯಲ್ಲೇ ಬೆಳೆದ ಹೆಣ್ಣು, ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಕನ್ನಡ ಚೆನ್ನಾಗಿ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ಇಂಗ್ಲಿಷು. ಅಪ್ಪ ಓದಿ ಹೇಳುವುದು, ಮಗಳು ತುಂಬಿಸುವುದು. ಮುಟುವಾನ ಹಾಳೆಗೆ ಬಂದಾಗ ಅವಳು ಕೈ ನಿಲ್ಲಿಸಿದಳು.

"ಅಪ್ಪ, ಸ್ಯಾಕ್ರಿಫೈಸ್ ಅಂತ ಒಂದು ಕಾಲಮ್ ಇದೆ. ಹೌ ಮೆನಿ?"

ಹನುಮಂತನಿಗೆ ಅದು ಗೊತ್ತಿಲ್ಲದ್ದಲ್ಲ. ಜೊತೆಗಾರ ಕೊನೆಯ ಮೂಲೆಯಲ್ಲಿ ನಿಂತಿರುವಾಗ ದಾಂಡಿಗ ಬೀಸಿ ಹೊಡೆಯುವುದಿಲ್ಲ. ದಾಂಡನ್ನು ಅಡ್ಡ ಹಿಡಿದು ಚೆಂಡನ್ನು ಕಾಲಬುಡಕ್ಕೆ ಉರುಳಿಸುತ್ತಾನೆ. ಎದುರಿನವರು ಅದನ್ನು ಹೆಕ್ಕಿ ಇವನನ್ನು ಔಟ್ ಮಾಡುವಷ್ಟರಲ್ಲಿ ಜೊತೆಗಾರ ಮನೆ ಸೇರಿರುತ್ತಾನೆ. ತಾನು ಸತ್ತು ಅವನನ್ನು ದಾಟಿಸುವುದು. ಅಂಥ ಕಡೆಯೆಲ್ಲ ಔಟಿನ ಗೀಟಿನ ಪಕ್ಕ ಅವನೊಂದು ಚುಕ್ಕೆ ಇಟ್ಟಿದ್ದ. ಎಣಿಸಿ ನಲವತ್ತೊಂದು ಎಂದ. ಔಟಿನ ಲೆಕ್ಕದಲ್ಲಿ ಅದೂ ಸೇರಿದೆ, ಬೇರೆ ಕಾಲಮ್ ಯಾಕೆ ಎಂದು ಕೇಳಿದ.

"ನೋ, ಅಪ್ಪ. ಅದು ಕೌಂಟೇ ಆಗಲ್ಲ. ಅವನು ಬ್ಯಾಟ್ ಮಾಡ್ಲೇ ಇಲ್ಲ ಅಂತ ಅರ್ಥ. ಲುಕ್."

ನಿಯಮ ಪರದೆಯ ಮೇಲೆ ಬೆಳ್ಳಗೆ ಕಾಣುತ್ತಿತ್ತು. ಹನುಮಂತ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. ಕ್ಷೌರದಂಗಡಿಯ ರೇಡಿಯೋ ಅವನಿಗೆ ಕಲಿಸಿದ್ದು ಒಂದೇ: ಔಟು ಅಂದರೆ ಔಟು. ಕ್ರಿಕೆಟ್ಟಿನಲ್ಲಿ ಜೊತೆಗಾರನಿಗಾಗಿ ರನ್‌ಔಟ್ ಆದವನಿಗೆ ಯಾರು ರಿಯಾಯಿತಿ ಕೊಡುತ್ತಾರೆ? ಅದೇ ಗುಂಗಿನಲ್ಲಿ ಹನ್ನೆರಡು ವರ್ಷ ಬರೆದಿದ್ದ. ವಿಭಾ ಗುಂಡಿ ಒತ್ತಿದಳು. ಮುಟುವಾ ದಾಂಡು ಹಿಡಿದ ನಾನೂರು ಸಲದಲ್ಲಿ ನಲವತ್ತೊಂದು ಕಳೆದರೆ ಮುನ್ನೂರೈವತ್ತೊಂಬತ್ತು. ಗೆಲುವು ತೊಂಬತ್ತಾರು. ಸರಾಸರಿ ಇನ್ನೂರರವತ್ತೇಳು.

ಹನುಮಂತನ ಬೆನ್ನಿನಲ್ಲಿ ಬೆವರಿಳಿಯಿತು. ಅದರ ಹಿಂದೆಯೇ, ಯಾಕೆಂದು ಅವನಿಗೂ ಗೊತ್ತಿಲ್ಲ, ಒಂಥರಾ ಹುರುಪೂ ಏರಿತು. ಮುಟುವಾ ದಾಟಿದ್ದ. ಎಂದೋ ದಾಟಿದ್ದ.

ಸ್ಕೋರು ಪುಸ್ತಕಗಳನ್ನು ಚಕ್ರದ ಸೂಟ್‌ಕೇಸಿಗೆ ತುಂಬಿ, ಕಿತ್ತುಹೋದ ಫುಟ್‌ಪಾತಿನ ಮೇಲೆ ಗಡಗಡ ಎಳೆದುಕೊಂಡು ಹೊರಟ. ದಾರಿಯುದ್ದಕ್ಕೂ ತಲೆಯೊಳಗೆ ಚರ್ಚೆ. ಬಾಯಿ ಮುಚ್ಚಿಕೊಂಡು ಮುಟುವಾನ ಪರ ಕೈ ಎತ್ತಿಬಿಡೋಣವೇ? ಆಗ ಮೂರು ಓಟು, ಸಾಲದು. ಉಳಿದಿಬ್ಬರು ನೋಡುವುದು ಅಂಕಿಯನ್ನೇ. ಅಂಕಿ ಬದಲಾಗಬೇಕಾದರೆ ತಪ್ಪು ತನ್ನದು ಎಂದು ಹೇಳಬೇಕು. ಅವನ ಗುರುತುಗಳು ಕನ್ನಡ ಬಲ್ಲವರಿಗೂ ತಿಳಿಯವು. ಹೇಳದಿದ್ದರೆ ವಿಭಾಳನ್ನು ಬಿಟ್ಟು ಭೂಮಿಯ ಮೇಲೆ ಒಬ್ಬರಿಗೂ ಗೊತ್ತಾಗುವುದಿಲ್ಲ. ಹಿಂದಿನಿಂದ ಹಾರ್ನ್ ಹೊಡೆದ ಮಟಾಟು ವ್ಯಾನಿನ ಕಂಡಕ್ಟರ್, ಊರಿಗೆ ಹೊರಟೆಯಾ ಮ್ಜೇ, ಯಜಮಾನಾ, ಏರ್‌ಪೋರ್ಟಿಗೆ ಬಿಡಲೇ ಎಂದು ಕೂಗಿದ. ಹನುಮಂತನಿಗೆ ಹತ್ತಿಬಿಡಬೇಕು ಅನ್ನಿಸಿದ್ದೂ ಉಂಟು.

ಕ್ಲಬ್ಬಿನಲ್ಲಿ ನಾಲ್ವರೂ ಬಂದು ಕೂತಿದ್ದರು. ಅಧ್ಯಕ್ಷ ಹಿಲರಿ, ಮಂಗಳೂರಿನವನು. ಮುಟುವಾನ ತಂಡದಲ್ಲೇ ಆಡಿ, ಅತಿ ಹೆಚ್ಚು ರನ್ನಿನ ಬಲದಿಂದ ಗೋಡೆ ಏರಿದವನು. ಅವನ ಪಕ್ಕ ವಿಲ್ಮಾ, ಎಲ್ಲ ಪಂದ್ಯಕ್ಕೂ ಔಷಧದ ಪೆಟ್ಟಿಗೆ ಹಿಡಿದು ಬರುತ್ತಿದ್ದ ನರ್ಸ್. ಎದುರಿಗೆ ಔಷಧ ಕಂಪನಿಯ ಮ್ಯಾನೇಜರ್ ಯೋಗೀಶ, ಅವನೂ ಮುಟುವಾನ ತಂಡದ ಹಳೆಯ ಆಟಗಾರ. ಕೊನೆಯವನು ಹಳೆಯ ಅಂಪೈರ್ ಕರಿಯುಕಿ. ಕನ್ನಡದ ಮಾತು ಬಂದಾಗಲೆಲ್ಲ ವಿಲ್ಮಾ ಅವನಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

ಹನುಮಂತ ಕೂರಲೇ ಇಲ್ಲ. ನಿಂತೇ ಹೇಳಿದ. ಹೇಗೆ ತಪ್ಪಿದೆ, ಎಷ್ಟು ಸಲ ತಪ್ಪಿದೆ, ಅದರ ಮೇಲೆ ನಿಂತು ಎರಡು ವರ್ಷ ಹೇಗೆ ಮೇಜು ಕುಟ್ಟಿದೆ, ಒಂದನ್ನೂ ಮುಚ್ಚಿಡಲಿಲ್ಲ. ಹೊಸ ಅಂಕಿ ಹೇಳುವಾಗ ಮಾತ್ರ ದನಿ ಎದ್ದಿತು.

ಹಿಲರಿ ಕುರ್ಚಿಯಿಂದ ಅರ್ಧ ಎದ್ದ. "ಎಂತ ಮಾರಾಯ್ರೆ, ಇದನ್ನು ನೀವು ಈಗ ಹೇಳುವುದಾ?"

ಯೋಗೀಶ ಪೆನ್ನು ಕೆಳಗಿಟ್ಟ. "ಹನುಮಂತಣ್ಣ, ತಪ್ಪು ತಿಳ್ಕೋಬೇಡಿ. ಒಂದು ಕಡೆ ತಪ್ಪಿದ್ರೆ ಪೂರ್ತಿ ಡೇಟಾನೇ ಡೌಟು. ಎಲ್ಲಾ ಚೆಕ್ ಮಾಡಿಸಿ ಮುಂದಿನ ವರ್ಷ ನೋಡೋಣ."

ಮುಟುವಾನಿಗೆ ಮುಂದಿನ ವರ್ಷ ಎಲ್ಲಿದೆ ಎಂದು ಹಿಲರಿ ಕೇಳಿದ. ನಿಯಮ ಹಾಗಿದೆ, ತಾನೇನು ಮಾಡಲಿ ಎಂದ ಯೋಗೀಶ. ಇಬ್ಬರೂ ದನಿ ಏರಿಸುವಷ್ಟರಲ್ಲಿ ಹನುಮಂತ ಸೂಟ್‌ಕೇಸನ್ನು ಮೇಜಿನ ಮೇಲೆ ಧಡ್ ಎಂದು ಇಟ್ಟು ಬಾಯಿ ತೆರೆದ.

"ಕಂಡದ್ದನ್ನ ಬರೆದಿದ್ದರಲ್ಲಿ ತಪ್ಪಿಲ್ಲ ಯೋಗೀಶ. ಕೂಡಿದ್ದು ತಪ್ಪು. ನಲವತ್ತೊಂದನ್ನೂ ಓದ್ತೀನಿ. ನೀವು ನಾಲ್ಕು ಜನಾನೂ ಮೈದಾನದಲ್ಲಿ ಇದ್ದೋರು. ಒಂದು ಸುಳ್ಳಾದ್ರೂ ಪುಸ್ತಕ ಎಲ್ಲಾ ಸುಟ್ಟುಬಿಡಿ."

ಓದತೊಡಗಿದ. ತಾರೀಖು, ಎದುರು ತಂಡ, ಯಾರು ಮೂಲೆಯಲ್ಲಿದ್ದರು, ಯಾರು ಮನೆ ಸೇರಿದರು. ಮೊದಮೊದಲು ಶಾಲೆಯ ಹಾಜರಿ ಕರೆದಂತಿತ್ತು. ನಾಲ್ಕನೆಯದಕ್ಕೆ ಹಿಲರಿ, ಆವತ್ತು ಓಡಿದ್ದು ನಾನೇ ಎಂದ. ಆರನೆಯದಕ್ಕೂ ಅವನೇ. ಏಳನೆಯದನ್ನು ಓದುವಾಗ ಕರಿಯುಕಿ ಕೈ ಎತ್ತಿ ತಡೆದು, ಮಿಕ್ಕದ್ದನ್ನು ತಾನೇ ಹೇಳಿದ: ಮಳೆ ಬಂದಿತ್ತು, ಚೆಂಡು ಕೆಸರಿನಲ್ಲಿ ಹೂತು ನಿಂತಿತ್ತು, ಹೆಕ್ಕಲು ಹೋದವನು ಜಾರಿ ಬಿದ್ದ. ಹನುಮಂತ ಪುಸ್ತಕ ತಿರುಗಿಸಿ ತೋರಿಸಿದ; ಅಂಚಿನಲ್ಲಿ ಸಣ್ಣಗೆ ಕೆಸರು ಎಂದು ಬರೆದಿತ್ತು. ವಿಲ್ಮಾ ಅದನ್ನು ಓದಿ ಹೇಳಿದಾಗ ಕರಿಯುಕಿ ತೊಡೆ ತಟ್ಟಿ ನಕ್ಕ. ಅಲ್ಲಿಂದ ಆಚೆಗೆ ಓದುವವನ ದನಿಯೇ ಬೇರೆಯಾಯಿತು. ರೇಡಿಯೋದವರ ಹಾಗೆ ಏರಿಸಿ ಇಳಿಸಿ, ಓಟದ ಕಡೆ ಉಸಿರು ಕಟ್ಟಿ ಓದಿದ. ಹದಿನೈದು, ಇಪ್ಪತ್ತು. ಮುಟುವಾನ ಹೆಬ್ಬೆರಳು ಸೀಳಿದ ದಿನ ಆರು ಹೊಲಿಗೆ ಹಾಕಿದ್ದನ್ನು ವಿಲ್ಮಾ ನೆನೆದಳು. ಅಷ್ಟಾದರೂ ಮುಂದಿನ ಭಾನುವಾರ ಆ ಕೈಯಲ್ಲೇ ದಾಂಡು ಅಡ್ಡ ಹಿಡಿದಿದ್ದನಂತೆ. ಪಕ್ಕದ ಕೋಣೆಯಲ್ಲಿ ಕೇರಂ ಆಡುತ್ತಿದ್ದವರು ಆಟ ಬಿಟ್ಟು ಬಾಗಿಲಲ್ಲಿ ಬಂದು ನಿಂತರು.

ಮೂವತ್ತಮೂರನೆಯದು ಸೋಪಿನ ಕಾರ್ಖಾನೆಯ ಮೇಲಿನ ಫೈನಲ್. ಮನೆ ಸೇರಿದವನು ಯೋಗೀಶ. ಎಲ್ಲರೂ ಅವನ ಮುಖ ನೋಡಿದರು.

"ಹೌದು" ಅಂದ ಯೋಗೀಶ. "ಅಂಗಿ ಹರಿದೋಗಿತ್ತು. ಆ ಮ್ಯಾಚ್ ನಾನೇ ಗೆಲ್ಲಿಸಿದ್ದು ಅಂತ ಇವತ್ತಿಗೂ ನನ್ನ ಮಗನಿಗೆ ಹೇಳ್ತೀನಿ."

ನಲವತ್ತೊಂದೂ ಮುಗಿಯುವ ಹೊತ್ತಿಗೆ ಹನುಮಂತನ ಅಂಗಿ ಬೆನ್ನಿಗೆ ಅಂಟಿತ್ತು. ಒಂದೂ ಸುಳ್ಳಾಗಿರಲಿಲ್ಲ. ಹಿಲರಿ ಓಟಿಗೆ ಹಾಕಿದ. ಅವನ ಕೈ, ವಿಲ್ಮಾಳ ಕೈ, ಹನುಮಂತನ ಕೈ ಒಟ್ಟಿಗೆ ಎದ್ದವು. ಕರಿಯುಕಿ ತಡ ಮಾಡಿದ. ಚಾವಣಿ ನೋಡಿದ, ನೆಲ ನೋಡಿದ, ಅಂಪೈರಾಗಿದ್ದಾಗ ತೀರ್ಪು ಕೊಡುತ್ತಿದ್ದ ಗತ್ತಿನಲ್ಲೇ ಕೈ ಮೇಲಕ್ಕೆತ್ತಿದ. ನಾಲ್ಕು. ಯೋಗೀಶನ ಕೈ ಮೇಜಿನ ಮೇಲೇ ಇತ್ತು. ಪರೀಕ್ಷೆ ಆಗದ ಅಂಕಿಗೆ ತಾನು ಒಪ್ಪಲಾರೆ, ಮುಟುವಾ ಗೆದ್ದದ್ದಕ್ಕೆ ಬೇಜಾರಿಲ್ಲ ಎಂದ. ಬಾಗಿಲಲ್ಲಿದ್ದವರು ಚಪ್ಪಾಳೆ ಹೊಡೆದರು. ಹನುಮಂತ ಸಭೆಯ ಪುಸ್ತಕದಲ್ಲಿ ಬರೆದ: ಮುಟುವಾ, ಐದಕ್ಕೆ ನಾಲ್ಕು.

ಫೋನು ಮಾಡಬೇಕಾದವನೂ ಹನುಮಂತನೇ. ಹಿಲರಿ ಸ್ಪೀಕರ್ ಹಾಕಿದ. ಆ ಕಡೆ ಗಾಳಿ ತುಂಬುವ ಯಂತ್ರದ ಸದ್ದು. ಹನುಮಂತ ತನಗೆ ಬಂದ ಸ್ವಾಹಿಲಿಯಲ್ಲಿ ತಪ್ಪೊಪ್ಪಿಕೊಂಡ, ಆಮೇಲೆ ಸುದ್ದಿ ಹೇಳಿದ. ಯಂತ್ರ ನಿಂತಿತು. ಮುಟುವಾ ಅಸಾಂಟೆ, ಅಸಾಂಟೆ ಸಾನಾ ಎಂದು ಥ್ಯಾಂಕ್ಸ್ ಹೇಳಿದ, ಮತ್ತೆ ಅದನ್ನೇ ಅಂದ. ನೀನು ಔಟು ಎಂದು ಬರೆಯುವುದನ್ನು ಪ್ರತಿ ಭಾನುವಾರ ನೋಡುತ್ತಿದ್ದೆ, ಔಟಾಗಿದ್ದೆನಲ್ಲ, ಅದಕ್ಕೇ ಕೇಳಲಿಲ್ಲ ಎಂದ. ಯಾವ ಯಾವುದು ಸೇರಿಸಿದ್ದೀಯ ಹೇಳು ಎಂದು ಕೇಳಿದ. ಹನುಮಂತ ಮತ್ತೆ ಓದಿದ, ಈ ಸಲ ಬೇಗ ಬೇಗ.

ಮೂವತ್ತಮೂರಕ್ಕೆ ಮುಟುವಾ ತಡೆದ.

"ಅದು ಬೇಡ ಮ್ಜೇ. ಆವತ್ತು ನಾನು ಜೋರಾಗಿ ಬೀಸಬೇಕೆಂದೇ ಹೋದೆ. ಚೆಂಡು ದಾಂಡಿನ ತುದಿಗೆ ತಾಗಿ ಕಾಲಬುಡಕ್ಕೆ ಬಿತ್ತು. ಅದು ತ್ಯಾಗವಲ್ಲ, ತಪ್ಪು ಹೊಡೆತ."

ತನ್ನ ಕಣ್ಣಾರೆ ಕಂಡದ್ದು, ದಾಂಡು ಅಡ್ಡವೇ ಇತ್ತು ಎಂದು ಹನುಮಂತ ಹಟ ಹಿಡಿದ. ದಾಂಡು ಹಿಡಿದವನು ನಾನೋ ನೀನೋ ಎಂದ ಮುಟುವಾ. ಹನುಮಂತ ಪೆನ್ನು ತೆಗೆದು, ಆ ಚುಕ್ಕೆಯ ಮೇಲೆ ಗೀಟೆಳೆದು, ನಲವತ್ತು ಎಂದು ಬರೆದ. ಸಭೆಯೆಲ್ಲ ಯೋಗೀಶನ ಕಡೆ ನೋಡಿತು. ಅವನಾಗಲೇ ಮೊಬೈಲಿನಲ್ಲಿ ಭಾಗಿಸುತ್ತಿದ್ದ. ಮುನ್ನೂರರವತ್ತಕ್ಕೆ ತೊಂಬತ್ತಾರು.

"ಇನ್ನೂರರವತ್ತೇಳೇ" ಅಂದ ಯೋಗೀಶ. "ಪಾಯಿಂಟ್ ಆದ್ಮೇಲೆ ಸ್ವಲ್ಪ ಹೆಚ್ಚುಕಮ್ಮಿ ಅಷ್ಟೆ." ಒಂದು ಕ್ಷಣ ಮೊಬೈಲನ್ನೇ ನೋಡುತ್ತಿದ್ದು, ಕೈ ಎತ್ತಿದ. "ಹನುಮಂತಣ್ಣ, ಆಡಿದವನೇ ಚೆಕ್ ಮಾಡಿಕೊಟ್ಟ. ನಂದೂ ಸೇರಿಸ್ಕೊಳ್ಳಿ. ಐದಕ್ಕೆ ಐದು ಅಂತ ಬರೀರಿ."

ಹನುಮಂತ ಸಭೆಯ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು ಮುಚ್ಚಿದ.

"ಓಟಿನ ಹೊತ್ತಲ್ಲಿ ನಿನ್ನ ಕೈ ಮೇಜಿನ ಮೇಲಿತ್ತು. ನಾಲ್ಕೇ."

ಹಿಲರಿ ಮೊದಲು ನಕ್ಕ, ಆಮೇಲೆ ಯೋಗೀಶನೂ. ವಿಲ್ಮಾ ಇಂಗ್ಲಿಷಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಕರಿಯುಕಿಯೂ ಸೇರಿಕೊಂಡ. ಎಂಬಕಸಿಯಿಂದ ಮುಟುವಾ, ಯಾಕೆ ನಗುತ್ತಿದ್ದೀರಿ, ಏನಾಯಿತು ಎಂದು ಕೇಳುತ್ತಲೇ ಇದ್ದ.