ಯಾರೂ ನನ್ನನ್ನು ನೋಡದ ಫೋಟೊ

ಕೊಚ್ಚಿ ಪಕ್ಕದ ಕಳಮಶ್ಶೇರಿಯಲ್ಲಿ ಓದು ಮುಗಿಸಿ, ಅಲ್ಲೇ ಮದುವೆಗಳಿಗೆ ಕ್ಯಾಮೆರಾ ಹಿಡಿದು ಉಳಿದವನು ನಾನು. ಕಾಸರಗೋಡಿನ ಮನೆಯಲ್ಲಿ ಕೇಳಿದರೆ ‘ಪ್ರಾಜೆಕ್ಟ್ ನಡೀತಾ ಉಂಟು’ ಅನ್ನುತ್ತೇನೆ. ಸುಳ್ಳಲ್ಲ. ಕೇರಳದ ಮದುವೆಗಿಂತ ದೊಡ್ಡ ಪ್ರಾಜೆಕ್ಟ್ ಯಾವುದಿದೆ?

ಮದುವೆ ಮನೆಗೆ ಹೋದ ಕೂಡಲೇ, ಅಲ್ಲಿ ಅತಿ ಹೆಚ್ಚು ದರ್ಬಾರು ನಡೆಸುವ ಮಾವನನ್ನು ಹುಡುಕುತ್ತೇನೆ. ಆತ ಮುಂಡು ಪಂಚೆ ಎತ್ತಿಕಟ್ಟುವ ಗತ್ತು, ಬಡಿಸುವವರನ್ನು ಗದರುವ ಸ್ವರ ಎರಡನ್ನೂ ಕದ್ದು ವಧುವಿನ ಮುಂದೆ ಮಾಡಿ ತೋರಿಸುತ್ತೇನೆ. ಕಲ್ಲಾಗಿ ನಿಂತವಳು ನಗುತ್ತಾಳೆ. ಕ್ಲಿಕ್. ನನ್ನ ಕಲೆ ಅಷ್ಟೇ.

ಫೋರ್ಟ್ ಕೊಚ್ಚಿಯ ಹಳೆ ಗೋದಾಮೊಂದರಲ್ಲಿ ಹೊಸಬರ ಫೋಟೊ ಪ್ರದರ್ಶನ ನಡೆಯುವುದಿತ್ತು. ನನ್ನ ಫೋಟೊ ಆಲ್ಬಮ್ಮು ಬಿಟ್ಟು ಗೋಡೆ ಕಂಡೇ ಇರಲಿಲ್ಲ; ಆಸೆ ತಡೆಯಲಾರದೆ ಕಟ್ಟು ಹಿಡಿದು ಹೋದೆ. ಚಿತ್ರ ಆರಿಸುತ್ತಿದ್ದ ಹೆಂಗಸನ್ನು ಎಲ್ಲರೂ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದರು. ಆಕೆ ನನ್ನವನ್ನು ಇಸ್ಪೀಟೆಲೆಗಳಂತೆ ಮೇಜಿನ ಮೇಲೆ ಹರಡಿದರು.

“ಎಲ್ಲರೂ ನಗ್ತಾ ಇದ್ದಾರೆ. ಎಲ್ಲರೂ ನಿನ್ನನ್ನೇ ನೋಡ್ತಾ ಇದ್ದಾರೆ. ಮೋನೇ, ಇದು ಅವರ ಫೋಟೊ ಅಲ್ಲ, ನಿನಗೆ ಬಿದ್ದ ಚಪ್ಪಾಳೆ.”

“ಹಾಗಾದರೆ?”

“ಯಾರೂ ನಿನ್ನನ್ನು ನೋಡದ ಒಂದೇ ಒಂದು ತಾ. ಶುಕ್ರವಾರದವರೆಗೆ ಗೋಡೆಯಲ್ಲಿ ಜಾಗ ಇಟ್ಟಿರ್ತೇನೆ.”

ಬಾಯಿ ಮುಚ್ಚಿಕೊಂಡು ತೆಗೆದರಾಯಿತು ಎಂದುಕೊಂಡೆ. ಆಲುವ ಸ್ಟೇಷನ್ನಿನ ಹೊರಗೆ ಚಹಾದಂಗಡಿಯ ಮುಂದೆ ನಿಂತೆ. ಅಂಗಡಿಯವ ಚಹಾ ಎತ್ತಿ ಸುರಿಯುತ್ತಿದ್ದಂತೆ ಅವನನ್ನು ನಕಲು ಮಾಡುತ್ತ ನನ್ನ ಕೈಯೂ ತಾನಾಗಿ ಮೇಲೆದ್ದಿತು. ಆತ ನೋಡಿದ, ಹಲ್ಲು ಕಿರಿದ, ತಲೆ ಬಾಚಿಕೊಂಡು ಪೋಸ್ ಕೊಟ್ಟ. ಆ ಫಿಲ್ಮ್ ರೋಲೆಲ್ಲ ಹಾಗೇ ಹೋಯಿತು.

ಗುರುತಿಲ್ಲದವರ ಸಹವಾಸ ಬೇಡವೆಂದು ತಿರುವನಂತಪುರದ ರೈಲು ಹತ್ತಿ ಅಲ್ಲಿ ಉಳ್ಳೂರಿನ ಚಿಕ್ಕಮ್ಮನ ಮನೆಗೆ ಹೋದೆ. ಚಿಕ್ಕಮ್ಮ ಬ್ಯಾಂಕಿನಲ್ಲಿ ಆಫೀಸರು. ಮಗಳು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರಿಸುವವಳು. ಮರುದಿನ ಬೆಳಿಗ್ಗೆ ಕ್ಯಾಮೆರಾ ತೊಡೆಯ ಮೇಲಿಟ್ಟು ಅಡುಗೆಮನೆಯಲ್ಲಿ ಮೌನವಾಗಿ ಕುಳಿತೆ. ಬಾಯಿ ಸುಮ್ಮನಿತ್ತು, ಕಾಲು ಕುಣಿಯುತ್ತಿತ್ತು. ಮೇಜಿನ ಲೋಟಗಳೆಲ್ಲ ಕಿಣಿಕಿಣಿ.

“ಎಂತ ಮಾರಾಯ, ಜ್ವರ ಉಂಟಾ?” ಚಿಕ್ಕಮ್ಮ ಹಣೆ ಮುಟ್ಟಿ ನೋಡಿದರು.

ಇಲ್ಲವೆಂದು ತಲೆಯಾಡಿಸಿದೆ.

“ಚೇಟ್ಟನ್ ಮಿಂಡುನ್ನಿಲ್ಲಲ್ಲೋ!” ಅಣ್ಣ ಮಾತೇ ಆಡುತ್ತಿಲ್ಲ ಎಂದು ಮಗಳಿಗೆ ಗಾಬರಿ.

“ಮೆಡಿಕಲ್ ಕಾಲೇಜು ಇಲ್ಲೇ ಉಂಟಲ್ಲ, ನಡಿ, ತೋರಿಸಿಕೊಂಡು ಬರುವ. ಇವ ಸುಮ್ಮನೆ ಕೂರುವ ಪೈಕಿಯಾ?” ಎಂದವರೇ ಮಗಳ ಕಡೆ ತಿರುಗಿದರು. “ಮದುವೆಮನೇಲಿ ಇವನನ್ನು ನೋಡಿದ್ದೀಯಾ ನೀನು? ನೋಡು.”

ಚಿಕ್ಕಮ್ಮನ ಕೈಯ ದೋಸೆ ಹಿಟ್ಟಿನ ಸೌಟು ಕ್ಯಾಮೆರಾದಂತೆ ಕಣ್ಣಿಗೇರಿತು. ಮೊಣಕಾಲು ಬಗ್ಗಿತು, ಹಿಂಭಾಗ ಹೊರಬಂತು, ನಾಲಿಗೆಯ ತುದಿ ಹಲ್ಲಿನ ನಡುವೆ ಇಣುಕಿತು. ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತ, ಮೂಗಿನಲ್ಲಿ, “ಸ್ವಲ್ಪ ನಗಿ ಅಂಕಲ್, ಆಂಟಿ ಎಂತ ಕೊಲ್ತಾರಾ?”

ನನ್ನದೇ ಸ್ವರ! ಮಗಳು ಫ್ರಿಜ್ಜಿಗೆ ಒರಗಿ ಬಿದ್ದು ಬಿದ್ದು ನಗುತ್ತಿದ್ದಳು, ಅಮ್ಮನನ್ನೇ ನೋಡುತ್ತ. ನಾನು ನಾಲಿಗೆ ಕಚ್ಚುತ್ತೇನೆಂದು ನನಗೇ ಗೊತ್ತಿರಲಿಲ್ಲ. ‘ಅದು ಹಾಗಲ್ಲ ಚಿಕ್ಕಮ್ಮ, ಹೀಗೆ’ ಎಂದು ಎದ್ದು ಮಾಡಿ ತೋರಿಸಲು ಬಾಯಿ ಆಗಲೇ ತೆರೆದಿತ್ತು. ಬೆರಳು ಮಾತ್ರ ಮೊದಲು ಕ್ಯಾಮೆರಾದ ಗುಂಡಿ ಒತ್ತಿಬಿಟ್ಟಿತು.

ಶುಕ್ರವಾರ ಚೇಚಿ ಆ ಚಿತ್ರವನ್ನು ಬೆಳಕಿಗೆ ಹಿಡಿದರು.

“ಯಾರೂ ನಿನ್ನನ್ನು ನೋಡ್ತಾ ಇಲ್ಲ. ಸರಿ. ಇವರು ಸೌಟು ಹಿಡಿದು ಏನು ಮಾಡ್ತಾ ಇದ್ದಾರೆ?”

“ನನ್ನ ನಕಲು.”

“ಅಂದರೆ ಇದರಲ್ಲೂ ನೀನೇ!” ನಗುತ್ತಲೇ ಶೌಚಾಲಯದ ಪಕ್ಕದ ಗೋಡೆಗೆ ಬೆರಳು ತೋರಿಸಿದರು. ಎಲ್ಲಿದ್ದರೇನು, ಗೋಡೆ ಗೋಡೆಯೇ.

ಒಪ್ಪಿಗೆ ಕೇಳಲು ಚಿಕ್ಕಮ್ಮನಿಗೆ ಫೋನು ಮಾಡಿದೆ. “ನೈಟಿಯಲ್ಲಿದ್ದೆನಲ್ಲ ಮಾರಾಯ! ಬ್ಯಾಂಕಿನವರು ನೋಡಿದ್ರೆ?” ಎಂದು ಬೈದು, ಸ್ವರ ತಗ್ಗಿಸಿ ಕೇಳಿದರು: “ನಾಲಿಗೆ ಸರಿ ಬಂದಿದೆಯಾ? ಹಾಗಾದ್ರೆ ಹಾಕು.”

ಈಗ ಕ್ಯಾಮೆರಾ ಎತ್ತಿದಾಗೆಲ್ಲ ನಾಲಿಗೆಯನ್ನು ಒಳಗೆಳೆದುಕೊಳ್ಳುತ್ತೇನೆ. ಫೋಕಸ್ ಕೂಡುವಷ್ಟರಲ್ಲಿ ಅದು ಮತ್ತೆ ಹೊರಗಿರುತ್ತದೆ.