ಅಸಲಿ ಟೆನಿಸಿನ ಅಂಕಲ್

ಅಬುಧಾಬಿಗೆ ಮನೆ ಬದಲಿಸಲೆಂದು ದುಬೈನ ಡಿಸ್ಕವರಿ ಗಾರ್ಡನ್ಸ್‌ನ ಫ್ಲಾಟ್ ಖಾಲಿ ಮಾಡುತ್ತಿದ್ದೆವು. ಕಪಾಟಿನ ಮೇಲಿನ ಖಾನೆ ತೆರೆದಾಗ ಹಳೆಯ ವಾರ್ನಿಶ್ ಮತ್ತು ಒಣಗಿದ ಕುರಿ ಕರುಳಿನ ತಂತಿಯ ವಾಸನೆ ಬಂತು. ಮರದ ರ‍್ಯಾಕೆಟ್, ತಲೆ ಒಂದು ಪಕ್ಕಕ್ಕೆ ವಾಲಿದೆ.

"ಬಿಸಿಲಿಗೆ ಸೊಟ್ಟಗಾಗಿರೋದು ಕಣೇ, ಬಿಸಾಕು," ಎಂದರು ಅಮ್ಮ.

ಕಟ್ಟಡದವರೆಲ್ಲ ಹೇಳುತ್ತಿದ್ದುದೂ ಇದನ್ನೇ. ಪಕ್ಕದ ಫ್ಲಾಟಿನ ಅಂಕಲ್‌ಗೆ ಯಾರೋ ಕೆಟ್ಟುಹೋದದ್ದನ್ನು ದಾಟಿಸಿದರು, ಪಾಪ, ಅವರು ಅದನ್ನೇ ಗೋಡೆಗೆ ತೂಗುಹಾಕಿಕೊಂಡರು ಎಂದು. ನಾನು ಒಪ್ಪುವುದಿಲ್ಲ. ಬಿಸಿಲು ಬಗ್ಗಿಸಿದ್ದರೆ ಚೌಕಟ್ಟು ತಿರುಚಿಕೊಳ್ಳಬೇಕಿತ್ತು. ಇದು ಮೇಜಿನ ಮೇಲೆ ಸಪಾಟಾಗಿ ಕೂರುತ್ತದೆ. ನೆಲಕ್ಕಂಟಿ ಬರುವ ಚೆಂಡನ್ನು ಎತ್ತಲು ಬೇಕೆಂದೇ ಬಗ್ಗಿಸಿದ್ದು.

ಅಂಕಲ್ ಉಡುಪಿ ಕಡೆಯವರು. ರುವೈಸ್‌ನ ಎಣ್ಣೆ ಕಂಪನಿಯಲ್ಲಿ ಕೆಲಸಕ್ಕಿದ್ದಾಗ, ನಿವೃತ್ತನಾಗಿ ಹೊರಟ ಇಂಗ್ಲಿಷ್ ಎಂಜಿನಿಯರೊಬ್ಬ ಅದನ್ನು ಕೊಟ್ಟುಹೋಗಿದ್ದ. ರಿಯಲ್ ಟೆನಿಸಿನದು ಎಂದು ಅವರು ಹೇಳಿದಾಗ ನಾನು ಶಾಲೆಯ ಡಿಬೇಟ್ ತಂಡದಲ್ಲಿದ್ದೆ, ಯಾರ ಮಾತನ್ನೂ ಸುಮ್ಮನೆ ಬಿಡುತ್ತಿರಲಿಲ್ಲ.

"ರಿಯಾಲ್ ಆದ್ರೆ ಒಮಾನಲ್ಲಿ ಆಡ್ಬೇಕು ಅಂಕಲ್. ಇಲ್ಲೇನಿದ್ರೂ ದಿರ್ಹಮ್ ಟೆನಿಸ್."

"ರಿಯಾಲ್ ಅಲ್ಲ ಮಾರಾಯ್ತಿ, ರಿಯಲ್. ಅಸಲಿ."

ಮೊದಲು ಬರಿಗೈಯಲ್ಲೇ ಆಡುತ್ತಿದ್ದರಂತೆ, ಮಠಗಳ ಅಂಗಳದಲ್ಲಿ. ಆಮೇಲೆ ರ‍್ಯಾಕೆಟ್ ಬಂತು, ರಾಜರು ಗೋಡೆ ಕಟ್ಟಿಸಿದರು. ಸರ್ವ್ ಮಾಡಿದ ಚೆಂಡು ಗೋಡೆಯಂಚಿನ ಇಳಿಜಾರು ಮಾಡಿನ ಮೇಲೆ ಉರುಳಿ ಬೀಳಬೇಕು. ಮುಂದೆ ಹುಲ್ಲಿನ ಮೇಲಿನ ಆಟ ಹುಟ್ಟಿ ಹೆಸರನ್ನೇ ಕಿತ್ತುಕೊಂಡಿತು. ಅಸಲಿ ಎಂದು ಹೇಳಿಕೊಳ್ಳುವ ಗತಿ ತಾಯಿ ಆಟಕ್ಕೇ ಬಂತು. ಸರ್ವ್ ಮಾಡುವವರು ಫ್ರೆಂಚಿನಲ್ಲಿ 'ತಕೊಳ್ಳಿ' ಎಂದು ಕೂಗುತ್ತಿದ್ದುದರಿಂದಲೇ ಟೆನಿಸ್ ಎಂಬ ಹೆಸರು ಬಂದದ್ದಂತೆ.

"ಸಾಕ್ಷಿ?" ಎಂದೆ.

"ಸಾಕ್ಷಿ ಕೇಳಿದ್ರೆ ನಾನೆಂತ ಮಾಡೂದು? ಹಾಗೆ ಹೇಳ್ತಾರೆ."

ಆ ರ‍್ಯಾಕೆಟಿನಲ್ಲಿ ಒಮ್ಮೆಯಾದರೂ ಆಡಬೇಕೆಂಬುದು ಅವರ ಆಸೆ. ಅವರಿಗೆ ತಿಳಿದಂತೆ ಇಲ್ಲೆಲ್ಲೂ ಅಂಥ ಅಂಕಣ ಇರಲಿಲ್ಲ. ತಂತಿಯೂ ಹಳತು, ಹೊಡೆದರೆ ಹರಿಯಬಹುದು. ಹಾಗೆಯೇ ವರ್ಷಗಳು ಕಳೆದವು... ಕೊನೆಗೆ ಕಂಪನಿ ವೀಸಾ ಕ್ಯಾನ್ಸಲ್ ಮಾಡಿತು. ಊರಿಗೆ ಹೊರಡುವ ಮುಂಚಿನ ರಜೆಯ ಬೆಳಿಗ್ಗೆ ರ‍್ಯಾಕೆಟ್ ಹಿಡಿದು ನಮ್ಮ ಬಾಗಿಲು ತಟ್ಟಿದರು.

ಕಟ್ಟಡದ ಹಿಂದಿನ ಪಾರ್ಕಿಂಗ್‌ನಲ್ಲಿ ಗೋಡೆಯಿತ್ತು, ಕಾರುಗಳ ನೆರಳಿಗೆ ಹಾಕಿದ ತಗಡಿನ ಇಳಿಜಾರೂ ಇತ್ತು. ಬೆಂಡಿಗೆ ಬಟ್ಟೆ ಸುತ್ತಿ ಚೆಂಡನ್ನು ಅವರೇ ಹೊಲಿದಿದ್ದರು. ರ‍್ಯಾಕೆಟ್ ಒಂದೇ, ನನಗೆ ಬರಿಗೈ. ಬಾಲ್ಕನಿಯಿಂದ ಆಂಟಿ, "ಇವರ ಮಂಡೆ ಸಮ ಇಲ್ಲ. ನೀನಾದ್ರೂ ಹೇಳು ಮಗಾ," ಎಂದರು.

ಅಂಕಲ್ ಚೆಂಡನ್ನು ತಗಡಿನತ್ತ ಹೊಡೆಯುತ್ತ, "ತಕೊಳ್ಳಿ," ಎಂದರು.

ನಾನು ಅಲ್ಲೇ ನಿಂತೆ. ಚೆಂಡು ಗಡಗಡ ಉರುಳಿ ಪಕ್ಕದಲ್ಲೇ ಬಿತ್ತು. "ನಂಗ್ಯಾಕೆ ಬಹುವಚನ ಅಂಕಲ್?"

"ಆ ಶಬ್ದವೇ ಹಾಗೆ. ಎದುರು ನಿಂತವರಿಗೆ ಮರ್ಯಾದೆ ಕೊಟ್ಟೇ ಹೊಡಿಬೇಕು."

ವೇದಿಕೆಯ ಮೇಲೆ ಎಷ್ಟೋ ಎದುರಾಳಿಗಳನ್ನು ಕಂಡಿದ್ದೇನೆ. ಹೊಡೆಯುವ ಮುನ್ನ ಮರ್ಯಾದೆ ಕೊಟ್ಟವರು ಇವರೊಬ್ಬರೇ.

ಆಮೇಲೊಂದು ಚೆಂಡು ನನ್ನ ಕೈಗೆ ಸಿಗದೆ ಎರಡನೇ ಸಲ ನೆಲಕ್ಕೆ ಪುಟಿಯಿತು. ಪಾಯಿಂಟ್ ನಿಮ್ಮದು ಎಂದೆ. "ಇದ್ರಲ್ಲಿ ಅಷ್ಟಕ್ಕೇ ಖಲಾಸ್ ಇಲ್ಲ," ಎನ್ನುತ್ತ ಪುಟಿದ ಜಾಗಕ್ಕೆ ಚಾಕ್‌ಪೀಸಿನಿಂದ ಗೆರೆ ಎಳೆದರು. ಪಾಯಿಂಟ್ ಸದ್ಯಕ್ಕೆ ಬಾಕಿ. ಇಬ್ಬರೂ ಜಾಗ ಬದಲಿಸಬೇಕು, ನಾನು ಹೊಡೆದ ಚೆಂಡಿನ ಎರಡನೇ ಪುಟಿತ ಅವರ ಹಿಂದಿನ ಗೋಡೆಗೆ ಆ ಗೆರೆಗಿಂತ ಹತ್ತಿರ ಬಿದ್ದರೆ ನನಗೆ, ಇಲ್ಲವಾದರೆ ಅವರಿಗೆ. ತೀರ್ಪನ್ನು ಹೀಗೆ ಕಾಯ್ದಿರಿಸುವ ಆಟ ನನಗೆ ಹಿಡಿಸಿಬಿಟ್ಟಿತು.

ಜಾಗ ಬದಲಿಸಿದೆವು. ನನ್ನ ಚೆಂಡು ತಗಡಿನಿಂದಿಳಿದು ನೆಲಕ್ಕಂಟಿ ಬಂತು. ಅಂಕಲ್ ಬಗ್ಗಿ, ಆ ವಾಲಿದ ತಲೆಯಿಂದ ಅದನ್ನು ಎಷ್ಟು ಚೆಂದ ಎತ್ತಿದರೆಂದರೆ... ಟಪ್ಪೆಂದು ತಂತಿ ಹರಿಯಿತು.

ಹರಿದ ತಂತಿಯ ತುದಿಯನ್ನು ಒಳಕ್ಕೆ ಸಿಕ್ಕಿಸಿದರು. "ಆಡಿತಲ್ಲ," ಎಂದು ರ‍್ಯಾಕೆಟನ್ನು ನನ್ನ ಕೈಗಿತ್ತರು. "ತಂತಿ ಹಾಕಿಸಿಡು. ವಿಸಿಟ್ ವೀಸಾದಲ್ಲಿ ಬರ್ತೇನೆ, ಆಗ ನೋಡುವ."

ಬರಲಿಲ್ಲ. ಹೋದ ವರ್ಷ ಆಂಟಿಯ ಫೋನ್ ಬಂತು, ಅಂಕಲ್ ತೀರಿಕೊಂಡರೆಂದು...

ರ‍್ಯಾಕೆಟನ್ನು ಅಬುಧಾಬಿಗೆ ಹೋಗುವ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಟ್ಟೆ. ಅಮ್ಮ ಪೆಟ್ಟಿಗೆಗೆ ಅಂಟಿಸಲು ಟೇಪ್ ಕೊಟ್ಟರು. ನೀವು ಕಲಿಸಿದ ನಿಯಮದಲ್ಲಿ ಎಲ್ಲಕ್ಕೂ ಉತ್ತರ ಇತ್ತು. ಎದುರಿನವರು ಎದ್ದುಹೋದರೆ ಬಾಕಿ ಉಳಿದ ಪಾಯಿಂಟ್ ಯಾರಿಗೆ, ಅಂಕಲ್?